ನೀರಿನಡಿಗೆ ಜೋಡಿ

ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ದಿನವಿಡೀ ಕೂತು ಮೇಣದ ಒಸಡು ಕೆತ್ತುವ ಆ ಮನೆಯ ಸೊಸೆಗೆ ಒಂದೇ ಒಂದು ಆಸೆಯಿತ್ತು. ಸಮುದ್ರದ ನಡುವಿನ ಯಾವುದಾದರೂ ಬೆಚ್ಚಗಿನ ದ್ವೀಪಕ್ಕೆ ಹೋಗಬೇಕು, ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಮನೆಯಲ್ಲಿ ಮಲಗಬೇಕು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹವಳದ ಬಂಡೆಗಳವರೆಗೆ ಇಳಿಯಬೇಕು. ಮದುವೆಯಾದಾಗ ಮುಂದೂಡಿದ ಪ್ರವಾಸ ಆ ವರ್ಷ ಕೊನೆಗೂ ಕೈಗೂಡುವ ಹಾಗಿತ್ತು. ಲಿಫ್ಟ್ ರಿಪೇರಿ ಮಾಡುವ ಗಂಡ ಕೂಡ ಊಟದ ಮೇಜಿನ ಮೇಲೆ ದ್ವೀಪಗಳ ಚಿತ್ರ ಹರಡಿಕೊಂಡು, "ಈ ಮನೆ ನೋಡು, ನೆಲಕ್ಕೆ ಗಾಜು ಹಾಕಿದಾರೆ. ಮಂಚದಿಂದ ಕಾಲಿಟ್ರೆ ಕೆಳಗೆ ಮೀನು!" ಎಂದು ಕುಣಿಯುತ್ತಿದ್ದ.

ಆ ಕುಣಿತಕ್ಕೆ ಕಿವಿಯ ಡಾಕ್ಟರು ಕಲ್ಲು ಹಾಕಿದರು. ಡೈವಿಂಗ್ ಕಲಿಸುವವರು ವೈದ್ಯರ ಒಪ್ಪಿಗೆ ಕೇಳಿದ್ದರು. ಡಾಕ್ಟರು ಗಂಡನ ಎಡಗಿವಿಯೊಳಗೆ ದೀಪ ಬಿಟ್ಟು ನೋಡಿ, "ಕಿವಿ ತಮಟೆಯಲ್ಲಿ ಹಳೇ ತೂತು ಇದೆ. ಮರಳಲ್ಲಿ ಎಷ್ಟು ಬೇಕಾದ್ರೂ ಹೊರಳಾಡಿ, ಆಳಕ್ಕೆ ಮಾತ್ರ ಇಳಿಯೋ ಹಾಗಿಲ್ಲ" ಎಂದರು.

"ಜೋಡಿ ಇಲ್ದೆ ನನ್ನೊಬ್ಬಳನ್ನ ಇಳಿಸಲ್ಲ ಅಂತಾರೆ. ಬಿಡಿ, ಬೇರೆ ಎಲ್ಲಿಗಾದ್ರೂ ಹೋಗೋಣ" ಎಂದಳು ಸೊಸೆ. ಹೇಳುವಾಗ ನಕ್ಕಳು. ಆಮೇಲೆ ಚಿತ್ರಗಳನ್ನೆಲ್ಲ ಒಟ್ಟುಮಾಡಿ ಕಪಾಟಿನ ತಲೆಯ ಮೇಲೆ ಎಸೆದಳು.

ಗಂಡ ಊಟ ಅರ್ಧಕ್ಕೇ ಬಿಟ್ಟು ಎದ್ದ. ಅವನು ಸೀದಾ ತಾಯಿಯ ಕೋಣೆಗೆ ಹೋದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತರಾದ ಆಕೆ ದಿನಾ ಬೆಳಿಗ್ಗೆ ಈಜುಕೊಳಕ್ಕೆ ಹೋಗಿ ಮೀನಿನ ಹಾಗೆ ಈಜಿ ಬರುವವರು.

"ಅಮ್ಮ, ನೀನು ಅವಳಿಗೆ ಜೋಡಿಯಾಗ್ತೀಯಾ?"

"ನಿಂಗೇನು ತಲೆ ಕೆಟ್ಟಿದೆಯಾ? ಗಂಡ ಹೆಂಡ್ತಿ ಹೋಗೋ ಕಡೆ ನಾನ್ಯಾಕೋ ಶಿವಪೂಜೇಲಿ ಕರಡಿ ಬಿಟ್ಟ ಹಾಗೆ?"

"ಕರಡಿ ಬರ್ದಿದ್ರೆ ಪೂಜೇನೇ ಇಲ್ಲಮ್ಮ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸೊಸೆ ಒಳಗೆ ಬಂದಳು. "ಅತ್ತೆ, ಇವರಿಗೋಸ್ಕರ ಅಲ್ಲ. ನಾನು ಕರೀತಿದೀನಿ. ಬನ್ನಿ."

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು. "ನನ್ನ ಕಿವಿ, ಎದೆ, ಶ್ವಾಸಕೋಶ ಎಲ್ಲಾ ಮೊದ್ಲು ಡಾಕ್ಟರುಗಳಿಗೆ ತೋರಿಸೋಣ. ಆಮೇಲೆ ಮಾತು" ಎಂದರು. ಡಾಕ್ಟರುಗಳು ಎಲ್ಲವನ್ನೂ ಪರೀಕ್ಷಿಸಿ, ಗಟ್ಟಿಮುಟ್ಟಾಗಿದ್ದೀರಿ ಎಂದು ಕಳಿಸಿದರು.

ಈಜುಕೊಳದಲ್ಲಿ ಪಾಠ ಶುರುವಾಯಿತು. ನೀರಿನಡಿ ಹೆಬ್ಬೆರಳು ಎತ್ತಿದರೆ 'ಚೆನ್ನಾಗಿದೆ' ಎಂದಲ್ಲ, 'ಮೇಲಕ್ಕೆ ಹೋಗೋಣ' ಎಂದರ್ಥ. ಇದನ್ನು ತರಬೇತುದಾರ ಎಷ್ಟು ಹೇಳಿದರೂ ಅತ್ತೆಗೆ ಖುಷಿಯಾದಾಗಲೆಲ್ಲ ಹೆಬ್ಬೆರಳು ತಾನಾಗಿ ಎದ್ದುಬಿಡುತ್ತಿತ್ತು. ಪಾಪ, ಅವನು ಪ್ರತಿಸಲವೂ ಅವರನ್ನು ಮೇಲಕ್ಕೆ ಕರೆತರುತ್ತಿದ್ದ.

"ನನ್ನನ್ಯಾಕಪ್ಪ ಬಾವಿ ಕೊಡದ ಥರ ಎಳೆದಾಡ್ತೀಯ?" ಎಂದು ಅತ್ತೆ ಗದರುತ್ತಿದ್ದರು.

ತೊಡಕು ಬಂದದ್ದು ಸೊಸೆಗೆ. ನೀರಿನಡಿಯಲ್ಲೇ ಮುಖದ ಗಾಜಿನ ಮುಖವಾಡ ಕಳಚಿ ಮತ್ತೆ ಹಾಕಿಕೊಳ್ಳಬೇಕಿತ್ತು. ಮೂಗಿಗೆ ನೀರು ತಾಗಿದ್ದೇ ತಡ, ಅವಳು ಕೈಕಾಲು ಬಡಿದು ಮೇಲೆ ಬಂದಳು. ಎರಡನೇ ಸಲವೂ ಹಾಗೇ ಆಯಿತು. ಕೊಳದ ಅಂಚು ಹಿಡಿದು ಅತ್ತುಬಿಟ್ಟಳು. "ನನ್ನ ಕೈಲಾಗಲ್ಲ ಅತ್ತೆ. ಇಷ್ಟು ವರ್ಷ ಕನಸು ಕಂಡಿದ್ದು ನಾನು, ಹೆದರೋಳೂ ನಾನೇ. ಇವರಾದ್ರೂ ಪಕ್ಕದಲ್ಲಿ ಇರ್ಬೇಕಿತ್ತು."

"ಅವನಾ? ಅವನಿದ್ದಿದ್ರೆ ನಿನಗಿಂತ ಮೊದ್ಲು ಮೇಲೆ ಬಂದು ಟವೆಲ್ ಸುತ್ಕೊಂಡು ಕೂತಿರ್ತಿದ್ದ." ಅತ್ತೆ ಅವಳ ಕಣ್ಣಿಗೆ ಅಂಟಿದ್ದ ಕೂದಲನ್ನು ಹಿಂದಕ್ಕೆ ಸರಿಸಿದರು. "ಅವಸರ ಏನಿಲ್ಲ ಕಣೆ. ಸುಧಾರಿಸ್ಕೋ. ಇನ್ನೊಂದ್ಸಲ ನೋಡೋಣ ಅನ್ಸಿದ್ರೆ ನನ್ನ ತೋಳು ಹಿಡ್ಕೋ. ಚಿವುಟಿದ್ರೂ ಪರವಾಗಿಲ್ಲ."

ಸ್ವಲ್ಪ ಹೊತ್ತಾದ ಮೇಲೆ ಸೊಸೆ ತಾನೇ ತಲೆಯಾಡಿಸಿದಳು. ತರಬೇತುದಾರನೂ ಸೇರಿ ಮೂವರೂ ಇಳಿದರು. ಒಂದು ಕೈಯಲ್ಲಿ ಅತ್ತೆಯ ತೋಳನ್ನು ಬಿಗಿಯಾಗಿ ಹಿಡಿದು, ಇನ್ನೊಂದರಿಂದ ಮುಖವಾಡ ತೆಗೆದಳು. ಕಣ್ಣ ಮುಂದೆ ಬರೀ ಮಸುಕು ನೀಲಿ. ಅವಳ ತೋಳಿನ ಮೇಲೆ ಅತ್ತೆಯ ಇನ್ನೊಂದು ಕೈ ಮೆಲ್ಲಗೆ ತಟ್ಟುತ್ತಿತ್ತು, ಮಗುವನ್ನು ಮಲಗಿಸುವ ಹಾಗೆ. ಆ ಲಯಕ್ಕೆ ಅವಳ ಉಸಿರು ಕೂಡಿಕೊಂಡಿತು. ಮುಖವಾಡ ಮತ್ತೆ ಮುಖಕ್ಕೆ ಕೂತಾಗ ಎದುರಿಗೆ ಅತ್ತೆಯ ಅರಳಿದ ಕಣ್ಣುಗಳು ಕಂಡವು. ಮೇಲೆ ಬಂದವಳೇ ಅವರನ್ನು ಸಿಲಿಂಡರ್ ಸಮೇತ ತಬ್ಬಿಕೊಂಡಳು. ಇಬ್ಬರೂ ಮತ್ತೆ ಮುಳುಗುವುದೊಂದು ಬಾಕಿ.

ಅವತ್ತೇ ಸಂಜೆ ಟ್ರಾವೆಲ್ ಆಫೀಸಿನ ಹುಡುಗಿಗೆ ಫೋನ್ ಹೋಯಿತು. ಅಕ್ಕಪಕ್ಕದ ಎರಡು ಮನೆ ಕೊಡಲೇ ಎಂದು ಅವಳು ಕೇಳಿದಳು. ಅತ್ತೆ ಸೊಸೆಯ ಕೈಯಿಂದ ಫೋನ್ ಕಿತ್ತುಕೊಂಡರು.

"ಪಕ್ಕದ್ದು ಬೇಡಮ್ಮ, ನೀರಿನ ಮೇಲಿನ ಮನೆಗಳನ್ನ ಸೇರಿಸೋ ಸೇತುವೆ ಇದ್ಯಲ್ಲ, ನನಗೆ ಅದರ ಆ ತುದೀದು ಕೊಡು. ನೀರಿನಡಿ ಇವಳು ನನ್ನ ಜೋಡಿ. ಮೇಲೆ ಬಂದ್ಮೇಲೆ ಇವಳ ಗಂಡನ ಜೋಡಿ."

ಸೊಸೆ ಮುಖ ಕೆಂಪಾಗಿ ಅಡಿಗೆಮನೆಗೆ ಓಡಿದಳು. ಗಂಡ ಕಪಾಟಿನ ಮೇಲಿದ್ದ ಚಿತ್ರಗಳನ್ನು ಇಳಿಸಿ ಧೂಳು ಕೊಡವುತ್ತ, ಮರಳಿನ ಮೇಲೆ ಒಬ್ಬನೇ ಓದುತ್ತ ಬಿದ್ದುಕೊಳ್ಳಲು ಎಷ್ಟು ಪತ್ತೇದಾರಿ ಕಾದಂಬರಿ ಬೇಕಾದೀತು ಎಂದು ಗಟ್ಟಿಯಾಗಿಯೇ ಯೋಚಿಸತೊಡಗಿದ.

ಮಾರನೆಯ ವಾರ ಅತ್ತೆ ಸೊಸೆ ಈಜುಡುಗೆ ಕೊಳ್ಳಲು ಹೋದರು. ಅಂಗಡಿಯವಳು ವಯಸ್ಸು ನೋಡಿ ಕಪ್ಪು ಬಣ್ಣದ್ದನ್ನು ಮುಂದಿಟ್ಟಳು. ಅತ್ತೆ ಅದನ್ನು ಬದಿಗೆ ಸರಿಸಿ, ನಿಂಬೆಹಣ್ಣಿನಂಥ ಹಳದಿಯದನ್ನು ಎತ್ತಿ ಎದೆಗೆ ಹಿಡಿದು ಕನ್ನಡಿ ನೋಡಿಕೊಂಡರು.

"ಇದೇ ಇರ್ಲಿ. ಯಾರು ಬಂದಿದಾರೆ ಅಂತ ಮೀನುಗಳಿಗೂ ಗೊತ್ತಾಗ್ಬೇಡ್ವಾ?"

"ಹಾಗಾದ್ರೆ ನನಗೂ ಅದೇ ಬಣ್ಣ" ಎಂದಳು ಸೊಸೆ.