ಕಡಲು ಬಲಗಡೆಗಿರಲಿ

ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಮಗನ ಮನೆಯ ಊಟದ ಮೇಜಿನ ಮೇಲೆ ಶೋಭಮ್ಮ ಹಾಂಗ್‌ಕಾಂಗ್ ಕಟ್ಟಿದ್ದು ಒಗ್ಗರಣೆ ಡಬ್ಬಿಯ ಬಟ್ಟಲುಗಳಿಂದ. ಸಾಸಿವೆ ಬಟ್ಟಲು ನಾರ್ತ್ ಪಾಯಿಂಟ್, ಹದಿನಾಲ್ಕು ವರ್ಷ ತಾವಿದ್ದ ಕಡೆ. ಜೀರಿಗೆ ವಾನ್ ಚಾಯ್. ಉದ್ದಿನಬೇಳೆ ಸೆಂಟ್ರಲ್, ಬ್ಯಾಂಕುಗಳ ಕೇರಿ. ಪಕ್ಕದಲ್ಲಿ ಹಾಸಿದ ನೀಲಿ ಟವೆಲ್ ಕಡಲು, ಅದರಾಚೆ ಅರಿಶಿನದ ಬಟ್ಟಲು ಕೌಲೂನ್. ಅಡುಗೆಮನೆಯಲ್ಲಿ ಮಗ ಸ್ಕಂದ ಕಾದ ಎಣ್ಣೆ ಮುಂದೆ ನಿಂತು ಸಾಸಿವೆ ಹುಡುಕುತ್ತಿದ್ದ. ಹುಡುಕಲಿ ಬಿಡಿ, ಊರು ಕಟ್ಟುವಾಗ ಒಗ್ಗರಣೆ ಕಾಯಬೇಕಾಗುತ್ತದೆ.

ಈ ಪಾಠವೆಲ್ಲ ಮೊಮ್ಮಗಳು ಚಿನ್ಮಯಿಗೆ. ಲಫ್‌ಬರೋದಲ್ಲಿ ಓದುವ ಹುಡುಗಿ, ಸಿಡ್ನಿಗೆ ಹೋಗುವ ದಾರಿಯಲ್ಲಿ ಒಂದು ದಿನ ಹಾಂಗ್‌ಕಾಂಗಿನಲ್ಲಿ ಇಳಿಯುವವಳಿದ್ದಳು. ಅವಳು ಇಂಗ್ಲಿಷಿನಲ್ಲಿ, ಫೋನಿನಲ್ಲಿ ಮ್ಯಾಪ್ ಇದೆಯಲ್ಲ ಅಜ್ಜಿ, ಅಂದಳು. ಶೋಭಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ನಾರ್ತ್ ಪಾಯಿಂಟಿನಲ್ಲಿ ಟ್ರಾಮು ಸಂತೆಯ ನಡುವೆಯೇ ನುಗ್ಗುತ್ತದೆ, ಸೊಪ್ಪು ಮಾರುವವರು ಗಂಟೆ ಕೇಳಿ ಬುಟ್ಟಿ ಸರಿಸುತ್ತಾರೆ, ಮಹಡಿ ಮೇಲೆ ಮುಂದಿನ ಸೀಟು ಹಿಡಿ. ವಾನ್ ಚಾಯ್‌ನಲ್ಲಿ ಬಿದಿರಿನ ಬುಟ್ಟಿಯಿಂದ ಹಬೆ ಏಳುತ್ತದೆ, ನಮ್ಮ ಇಡ್ಲಿ ಪಾತ್ರೆಯ ಹಾಗೆ. ಬಾಯಿಗಿಡುವ ಮುಂಚೆ ಒಳಗೇನಿದೆ ಅಂತ ಕೇಳು. ದಾರಿ ತಪ್ಪಿದರೆ ಹೆದರಬೇಡ. ಗುಡ್ಡ ಎಡಗಡೆ, ಕಡಲು ಬಲಗಡೆ ಇಟ್ಟುಕೊಂಡು ನಡೆದರೆ ಸೆಂಟ್ರಲ್ ತಾನಾಗಿ ಬರುತ್ತದೆ.

ಇಷ್ಟೆಲ್ಲ ಹೇಳಿದ್ದು ಒಂದೇ ಕೆಲಸಕ್ಕೆ. ಸೆಂಟ್ರಲ್‌ನ ಫೆರಿ ಕಟ್ಟೆಯ ಪಕ್ಕ, ಗಡಿಯಾರದ ಗೋಪುರದಿಂದ ನಾಲ್ಕು ಹೆಜ್ಜೆಗೆ, ನೀರಿನ ಅಂಚಿನಲ್ಲಿ ಒಂದು ಕಲ್ಲುಬೆಂಚಿತ್ತು. ಭಾನುವಾರ ಭಾನುವಾರ ಅವರೂ ಗಂಡ ಲಕ್ಷ್ಮೀನಾರಾಯಣರೂ ಅಲ್ಲಿ ಕೂತು ಸ್ಟೀಲ್ ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದರು. ಅಲ್ಲಿಯ ಒಂದೂ ಫೋಟೋ ಇರಲಿಲ್ಲ. ವಾರ ವಾರ ನೋಡುವುದನ್ನು ಯಾರು ಫೋಟೋ ತೆಗೆಯುತ್ತಾರೆ? ಲಕ್ಷ್ಮೀನಾರಾಯಣರು ಹೋಗಿ ವರ್ಷವಾಗಿತ್ತು. ಅವರ ಮುಖ ನೆನೆದರೆ ಶೋಭಮ್ಮನಿಗೆ ಈಚೆಗೆ ಆಸ್ಪತ್ರೆಯ ಮುಖವೇ ಬರುತ್ತಿತ್ತು, ಮೂಗಿಗೆ ನಳಿಕೆ ಹಾಕಿದ ಮುಖ. ಆ ಜಾಗ ಕಂಡರೆ ಹಳೆಯ ಮುಖವೂ ಕಂಡೀತು ಅನ್ನುವ ಆಸೆ. ಮಂಡಿನೋವಿನಲ್ಲಿ ತಾವಂತೂ ಅಷ್ಟು ದೂರ ಹೋಗಲಾರರು, ಮೊಮ್ಮಗಳೇ ಹೋಗಿ ಆ ಬೆಂಚಿನ ಫೋಟೋ ತೆಗೆದು ಕಳಿಸಬೇಕು.

ಟೈಮ್ ಸಿಗುತ್ತೋ ಇಲ್ಲವೋ ಎಂದು ಚಿನ್ಮಯಿ ರಾಗ ಎಳೆದಾಗ, "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ?" ಎಂದು ಬಾಯಿ ಮುಚ್ಚಿಸಿದರು.

ಮುಂದಿನ ಬುಧವಾರ ಬೆಳಿಗ್ಗೆ ಶೋಭಮ್ಮ ಕಾಫಿ ಮುಂದಿಟ್ಟುಕೊಂಡು ಕೂತಿದ್ದಾಗ ವಿಡಿಯೋ ಕಾಲ್ ಬಂತು. ಅಲ್ಲಿ ಇಳಿಬಿಸಿಲು. ಟ್ರಾಮು, ಸಂತೆ, ಹಬೆಯ ಬುಟ್ಟಿ, ಎಲ್ಲ ಅಜ್ಜಿ ಹೇಳಿದ ಹಾಗೇ ಇತ್ತಂತೆ. ಆದರೆ ಹುಡುಗಿಯ ದನಿ ಸಣ್ಣದಾಗಿತ್ತು.

"ಅಜ್ಜಿ, ದೇರ್ ಈಸ್ ನೋ ಸೀ ಹಿಯರ್."

ಫೋನ್ ತಿರುಗಿಸಿದಳು. ಅಗಲವಾದ ರಸ್ತೆ, ಸಾಲು ಕಾರು, ಹುಲ್ಲುಹಾಸು. ಗಡಿಯಾರದ ಗೋಪುರವಿಲ್ಲ, ಬೆಂಚಿಲ್ಲ. ದೂರದಲ್ಲಿ ಜಯಂಟ್ ವೀಲ್ ಒಂದು ನಿಂತಿತ್ತು. ಸರಿಯಾಗಿ ನೋಡು, ಬಲಗಡೆ ನೋಡು ಎಂದು ಶೋಭಮ್ಮ ಗದರಿದರು. ಕಡಲು ಕಳೆದುಹೋಗಲು ಅದೇನು ಕನ್ನಡಕವೇ? ಚಿನ್ಮಯಿ ಫೋನಿನಲ್ಲೇ ಹುಡುಕಿ ಓದಿ ಹೇಳಿದಳು: ಇಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡಿದ್ದಾರೆ, ನೀವು ಬಿಟ್ಟು ಬಂದ ವರ್ಷವೇ ಕೆಲಸ ಶುರುವಾಗಿದ್ದು.

ಶೋಭಮ್ಮನ ಕಾಫಿ ಅರ್ಧಕ್ಕೇ ನಿಂತಿತು. ಲಕ್ಷ್ಮೀನಾರಾಯಣರು ನಕ್ಷೆ ಬರೆಯುವ ಎಂಜಿನಿಯರು. ಕಡೆಯ ಎರಡು ವರ್ಷ ಏನು ನಕ್ಷೆ ಬರೆಯುತ್ತಿದ್ದೀರಿ ಎಂದು ಕೇಳಿದಾಗಲೆಲ್ಲ "ಯಾವುದೋ ರಸ್ತೆ" ಅನ್ನುತ್ತಿದ್ದರು. ಸುಳ್ಳಲ್ಲ, ರಸ್ತೆಯೇ. ಎಲ್ಲಿ ಅಂತ ಮಾತ್ರ ಹೇಳಿರಲಿಲ್ಲ.

ಆಗ ಹಾಂಗ್‌ಕಾಂಗ್ ಬಿಡುವ ಮುಂಚಿನ ಕಟ್ಟಕಡೆಯ ಭಾನುವಾರ ಬಂದು ಕಣ್ಣಿಗೆ ಕಟ್ಟಿತು. ಚಿತ್ರಾನ್ನದ ಡಬ್ಬಿ ತೊಡೆಯ ಮೇಲೆ ಹಾಗೇ ಇತ್ತು. ಅವರು ನೀರನ್ನೇ ನೋಡುತ್ತ, "ಶೋಭಾ, ಚೆನ್ನಾಗಿ ನೋಡ್ಕೊಂಡುಬಿಡು" ಅಂದಿದ್ದರು. ಊರು ಬಿಡುತ್ತೇವಲ್ಲ, ಅದಕ್ಕೆ ಅಂದುಕೊಂಡಿದ್ದರು ಶೋಭಮ್ಮ. ಈಗ ತಿಳಿಯಿತು. ತಿಳಿದದ್ದೇ ತಡ, ಅವರ ಮುಖ ಬಂದು ನಿಂತಿತು: ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲು, ಗಾಳಿಗೆ ಎದ್ದ ಕೂದಲು, ಬೆಲ್ಲ ಕದ್ದು ಸಿಕ್ಕಿಬಿದ್ದವನ ಕಣ್ಣು. ನಳಿಕೆ ಇರಲಿಲ್ಲ. ಶೋಭಮ್ಮನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಕಳ್ಳ, ಹೆಂಡತಿಯ ಕಡಲನ್ನೇ ಮುಚ್ಚಿ ಇಪ್ಪತ್ತು ವರ್ಷ ಬಾಯಿ ಬಿಡದೆ ಕೂತಿದ್ದ.

ಆ ಕಡೆ ಚಿನ್ಮಯಿ ಸಾರಿ ಅಜ್ಜಿ, ಸಾರಿ ಅನ್ನುತ್ತಲೇ ಇದ್ದಳು. ಜಾಗವೇ ಇಲ್ಲ, ಯಾವುದರ ಫೋಟೋ ತೆಗೆಯಲಿ ಎಂದು ಕೇಳಿದಳು.

"ಆ ರಸ್ತೆದೇ ತೆಗಿ ಪುಟ್ಟಿ. ಅದು ನಿಮ್ಮಜ್ಜನ ಕೆಲಸ."

ಹುಡುಗಿ ಕಾಲಡಿಯ ನೆಲವನ್ನು ನೋಡಿದಳು. ಆಮೇಲೆ ಶೋಭಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಕಡಲು ಇನ್ನು ಎಡ ಬಲ ಯಾವ ಕಡೆಯೂ ಬೇಡ, ನೇರ ಎದುರಿಗೆ ನಡಿ, ಸಿಗುವವರೆಗೂ ನಡಿ ಎಂದರು. ಫೋನ್ ಮಾತ್ರ ನೆಲದ ಕಡೆ ಹಿಡಿದಿರಬೇಕು.

ಚಿನ್ಮಯಿ ನಡೆದಳು. ಸೊಲಿಹಲ್‌ನಲ್ಲಿ ಶೋಭಮ್ಮ ಗಂಡ ಹಾಕಿದ ನೆಲವನ್ನು ಹೆಜ್ಜೆ ಹೆಜ್ಜೆಯಾಗಿ, ನೀರು ಬರುವವರೆಗೂ, ಚೆನ್ನಾಗಿ ನೋಡಿಕೊಂಡರು.