ಉಪವಾಸದ ಚಿಪ್ಪಿಗೆ ಚಳಿ

ಚಿಪ್ ಅಂದಮೇಲೆ ತಣ್ಣಗಿರಬೇಕು ಎಂಬುದು ಚಕ್ರಪಾಣಿಯವರ ಪಾಲಿಗೆ ವೇದವಾಕ್ಯ. ಜಯನಗರದಲ್ಲೇ ಹುಟ್ಟಿ ಬೆಳೆದ ಮನುಷ್ಯ, ಅರ್ಧ ಆಯುಸ್ಸು ಪ್ರೊಸೆಸರ್‌ಗಳ ಬಿಸಿ ಇಳಿಸುವುದರಲ್ಲೇ ಕಳೆದವರು. ಈಗ ಜೆ.ಪಿ. ನಗರದಲ್ಲಿ ಸ್ವಂತ ಕಂಪನಿ. ಕೆಳಗೆ ಎಸಿ ಹಾಕಿದ ಮೀಟಿಂಗ್ ರೂಮು, ಮೇಲೆ ಟೆರೇಸಿನ ಶೀಟಿನಡಿ ಲ್ಯಾಬು. ಆ ಕಾವಿನಲ್ಲಿ ದಿನವೂ ಬೇಯುತ್ತಿದ್ದವಳು ಶೈಲಶ್ರೀ.

ಬಾಗಲಕೋಟೆಯ ಹುಡುಗಿ, ಬಿಟಿಎಂನಲ್ಲಿ ಬಾಡಿಗೆ ರೂಮು. ಬಿಸಿಲಿಗೆ ಹೆದರುವ ಪೈಕಿಯವಳಲ್ಲ. ಅವಳ ಹುಚ್ಚು ಒಂದೇ: ಚಿಪ್ಪಿಗೆ ಕೊಡುವ ವೋಲ್ಟೇಜನ್ನು ಇಳಿಸುತ್ತ ಇಳಿಸುತ್ತ, ಇನ್ನೇನು ಪ್ರಾಣ ಹೋಯಿತು ಅನ್ನುವಲ್ಲಿ ನಿಲ್ಲಿಸಿ, ಅಷ್ಟರಲ್ಲೇ ಕೆಲಸ ಮಾಡಿಸುವುದು. ಆಗ ಪುಟ್ಟ ಬ್ಯಾಟರಿಯೂ ವರ್ಷಗಟ್ಟಲೆ ಬಾಳುತ್ತದೆ. ಚಕ್ರಪಾಣಿ ಅದನ್ನು ಉಪವಾಸದ ಚಿಪ್ ಎಂದು ಆಡಿಕೊಂಡರೂ ಎರಡು ವರ್ಷ ಅವಳ ಕೆಲಸಕ್ಕೆ ಅಡ್ಡ ಬರಲಿಲ್ಲ. ಅದು ಅವರ ದೊಡ್ಡತನ. ಈಗ ಮಾತ್ರ ಖಡಾಖಂಡಿತವಾಗಿ ಹೇಳಿದ್ದರು: ಕಾತ್ಯಾಯಿನಿ ಮೇಡಂ ಒಪ್ಪಿದರೆ ಸರಿ, ಇಲ್ಲವಾದರೆ ಹಳೆಯ ವೋಲ್ಟೇಜಿಗೇ ವಾಪಸ್, ಇವಳ ಡಿಸೈನಿಗೆ ಎಳ್ಳುನೀರು.

ಈ ಕಾತ್ಯಾಯಿನಿ ಹಳ್ಳಿಗಳಿಗೆ ಲಸಿಕೆ ಒಯ್ಯುವ ತಂಪು ಪೆಟ್ಟಿಗೆ ತಯಾರಿಸುವವರು. ಅದರೊಳಗೆ ಕೂತು ತಂಪು ಹೆಚ್ಚುಕಡಿಮೆಯಾದರೆ ಎಚ್ಚರಿಸಲು ಅವರಿಗೊಂದು ಚಿಪ್ ಬೇಕಿತ್ತು.

ಅವರು ಬಂದ ದಿನ ಚಕ್ರಪಾಣಿ ಎಸಿಯನ್ನು ಹದಿನಾರಕ್ಕೆ ಇಳಿಸಿದರು. ಅತಿಥಿಯನ್ನು ನಡುಗಿಸುವುದೇ ಸತ್ಕಾರ ಅಂದುಕೊಂಡವರಿಗೆ ಏನು ಹೇಳೋಣ! ಶೈಲಶ್ರೀ ಬೋರ್ಡ್ ಜೋಡಿಸಿದಳು. ಪರದೆಯ ಮೇಲೆ ಅಂಕಿಗಳು ಚಕಚಕ ಓಡಿದವು. ಸ್ವಲ್ಪ ಹೊತ್ತಿಗೆ ನಿಂತೇಬಿಟ್ಟವು. ಮತ್ತೆ ಆನ್ ಮಾಡಿದರೂ ಅದೇ ಕಥೆ. ಬಿಸಿಯಾಗಿರಬೇಕು ಎಂದು ಚಕ್ರಪಾಣಿ ಬೋರ್ಡನ್ನು ಎಸಿಯ ಗಾಳಿಗೆ ನೇರ ತಿರುಗಿಸಿದರು. ಆಗಂತೂ ಅದು ಕಣ್ಣೇ ಬಿಡಲಿಲ್ಲ.

ಶೈಲಶ್ರೀ ಚಿಪ್ ಮುಟ್ಟಿದಳು, ತಣ್ಣಗೆ ಕೊರೆಯುತ್ತಿತ್ತು. ಆಗ ಹೊಳೆಯಿತು. ಮಾಮೂಲಿ ಚಿಪ್ ಸೆಕೆಗೆ ಸುಸ್ತಾಗುತ್ತದೆ. ವೋಲ್ಟೇಜ್ ಇಷ್ಟು ಇಳಿದಾಗ ಎಲ್ಲ ಉಲ್ಟಾ, ಚಳಿಗೇ ಮಂಕು ಹಿಡಿಯುತ್ತದೆ. ಪುಸ್ತಕದಲ್ಲಿ ಓದಿದ್ದಳು. ಆದರೆ ಆಫೀಸಿನವರೆಲ್ಲ ಸೇರಿ ಪರೀಕ್ಷೆ ಮಾಡಿದ್ದು ಬರೀ ಬಿಸಿಯಲ್ಲಿ. ಶತ್ರು ಆ ಕಡೆಯಿಂದಲೇ ಬರುತ್ತಾನೆ ಎಂದು ಎಲ್ಲರೂ ಅಲ್ಲೇ ಕಾವಲು ಕೂತಿದ್ದರು.

ಅವಳು ಬೋರ್ಡನ್ನು ಪಕ್ಕಕ್ಕೆ ಎಳೆದು, ಅಂಗೈಯನ್ನು ಚಿಪ್ಪಿನ ಮೇಲೆ ಒತ್ತಿ ಹಿಡಿದು, ಮತ್ತೆ ಆನ್ ಮಾಡಿದಳು. ಅಂಕಿಗಳು ಓಡತೊಡಗಿದವು. ಎಲ್ಲೋ ಲೂಸ್ ಕಾಂಟ್ಯಾಕ್ಟ್ ಎಂದು ಚಕ್ರಪಾಣಿ ಮೇಡಂಗೆ ಸಮಾಧಾನ ಹೇಳಿದರು. ಕಾತ್ಯಾಯಿನಿಯವರ ಮುಖ ಅರಳಿತು, ಎಷ್ಟು ಬೇಗ ಕೊಡುತ್ತೀರಿ ಎಂದು ಕೇಳಿಯೇಬಿಟ್ಟರು. ಇನ್ನು ಒಂದೆರಡು ನಿಮಿಷ ಕೈ ಅಲ್ಲೇ ಇದ್ದರೆ ಸಾಕಿತ್ತು.

ಶೈಲಶ್ರೀ ಕೈ ತೆಗೆದಳು. ಎಲ್ಲರೂ ನೋಡುತ್ತಿದ್ದಂತೆ ಅಂಕಿಗಳು ನಿಂತವು.

"ಲೂಸ್ ಕಾಂಟ್ಯಾಕ್ಟ್ ಅಲ್ರಿ ಮೇಡಂ," ಎಂದಳು. ಗಾಬರಿಯಲ್ಲಿ ಊರ ಮಾತೇ ಬಂತು. "ಇದು ಥಂಡಿಗೆ ನಿಲ್ಲಾಕತ್ತೈತಿ. ನಿಮ್ಮ ಪೆಟ್ಟಿಗ್ಯಾಗ ಹಾಕಿದ್ರ ಲಸಿಕಿ ಕೆಟ್ರೂ ಹೇಳೂದಿಲ್ಲ."

ಕಾತ್ಯಾಯಿನಿ ಪರದೆಯನ್ನೂ ಅವಳನ್ನೂ ನೋಡಿದರು. ಇವತ್ತು ಒಪ್ಪಲಾರೆ, ಸರಿಯಾದ ಮೇಲೆ ಕರೆಯಿರಿ, ಆಗ ನೋಡೋಣ ಎಂದು ಹೇಳಿ ಹೊರಟುಹೋದರು.

ಶೈಲಶ್ರೀ ವೈರು ಸುತ್ತತೊಡಗಿದಳು. ಹಳೆಯ ವೋಲ್ಟೇಜ್ ಎನ್ನುವ ಮಾತು ಈಗ ಬರುತ್ತದೆ, ಇನ್ನೊಂದು ಕ್ಷಣಕ್ಕೆ ಬರುತ್ತದೆ ಎಂದು ಕಾದಳು. ಚಕ್ರಪಾಣಿ ಎದ್ದು ಪ್ಯಾಂಟ್ರಿಗೆ ಹೋದರು. ಅಲ್ಲಿ ಏನೋ ತಡಕಾಡುವ ಸದ್ದು. ಇವಳು ಹೋಗಿ ನೋಡಿದರೆ, ಫ್ರಿಜ್ ಬಾಗಿಲು ತೆರೆದು ಮೊಸರಿನ ಪಾತ್ರೆ, ಕೊತ್ತಂಬರಿ ಕಟ್ಟು, ಯಾರದೋ ಹುಟ್ಟುಹಬ್ಬದ ಕೇಕು, ಎಲ್ಲವನ್ನೂ ಹೊರಗೆ ಎತ್ತಿಡುತ್ತಿದ್ದಾರೆ.

"ಬೋರ್ಡ್ ತನ್ನಿ, ಒಳಗಿಡೋಣ," ಎಂದರು. "ಎಷ್ಟು ಚಳಿಗೆ ವೋಲ್ಟೇಜ್ ಎಷ್ಟು ಚೂರು ಏರಿಸಿದ್ರೆ ಸಾಕು ಅಂತ ನೋಡ್ಬೇಕಲ್ವಾ?"