ತೊಡೆಯ ಮೇಲಿರಬೇಕಾದ ಕೈ

ಚಪ್ಪಾಳೆ ತೀರಾ ಹತ್ತಿರದಲ್ಲಿ ಕೇಳುತ್ತಿದೆ, ನಮ್ಮ ಸಾಲಿನಲ್ಲೇ, ನ್ಯಾಯಮೂರ್ತಿಗಳ ಸಾಲಿನಲ್ಲಿ ಚಪ್ಪಾಳೆಯೇ, ಯಾರಿಗೆ ಬಂತಪ್ಪ ಈ ಬುದ್ಧಿ — ಅಯ್ಯೋ, ಕರಿ ನಿಲುವಂಗಿಯ ತೋಳಿನಿಂದ ಹೊರಬಂದಿರುವ ಈ ಕೈಗಳು ನನ್ನವು, ನಿಲ್ಲಿಸು ಮಾರ್ಲಿಸ್, ನಿಲ್ಲಿಸಿದೆ, ತಡವಾಯಿತು, ಕ್ಯಾಮೆರಾ ಇತ್ತಲೇ ತಿರುಗಿದೆ. ನಾನು ತಟ್ಟಿದ್ದು ಅಗ್ನಿಶಾಮಕದವರಿಗೆ, ದೇವರಾಣೆ, ನೆರೆಯಲ್ಲಿ ದೋಣಿ ಮುಗುಚಿ ಸತ್ತ ಆ ಇಬ್ಬರಿಗೆ, ಅಂಥವರಿಗೆ ನಾವೂ ತಟ್ಟಬಹುದು, ನಮಗಿರುವ ರಿಯಾಯಿತಿ ಅಷ್ಟೇ — ಆದರೆ ಗವರ್ನರ್ ಉಸಿರೂ ತೆಗೆದುಕೊಳ್ಳದೆ ಮುಂದುವರಿಸಿಬಿಟ್ಟ, ಅದಕ್ಕೇ ಹೇಳ್ತೀನಿ, ನದಿ ದಂಡೆ ಖಾಲಿ ಮಾಡ್ಸೋಕೆ ನಾನು ಯಾವ ಕೋರ್ಟಿನ ಅಪ್ಪಣೆಗೂ ಕಾಯೋನಲ್ಲ — ಶಾಸಕರೆಲ್ಲ ಎದ್ದು ನಿಂತರು, ನನ್ನ ಕೈ ಇನ್ನೂ ತಟ್ಟುತ್ತಲೇ ಇತ್ತು. ಪಕ್ಕದಲ್ಲಿ ಮುಖ್ಯ ನ್ಯಾಯಮೂರ್ತಿ ಆರಿನ್, ಮುಖ ತಿರುಗಿಸಲಿಲ್ಲ, ತುಟಿ ಮಾತ್ರ ಅಲುಗಿತು, ಏನಮ್ಮ ಮಾಡ್ಬಿಟ್ಟೆ. ನಾನು ಪೀಠಕ್ಕೆ ಬಂದ ವರ್ಷ ಶಾಸನಸಭೆಯಲ್ಲಿ ಗವರ್ನರ್ ವರ್ಷಕ್ಕೊಮ್ಮೆ ಮಾಡುವ ಇದೇ ಭಾಷಣಕ್ಕೆ ಕರೆತಂದು ಹೇಳಿಕೊಟ್ಟವರು ಇವರೇ, ಕೈ ತೊಡೆ ಮೇಲಿರ್ಲಿ, ನಗಬೇಡ, ತಲೆ ಆಡಿಸ್ಬೇಡ, ಬೇಕಿದ್ರೆ ನಿದ್ದೆ ಮಾಡು, ಯಾರೂ ಏನೂ ಅನ್ನಲ್ಲ. ಹಾಗೇ ಇದ್ದವಳಲ್ಲವೇ ನಾನು, ಹೋದ ತಿಂಗಳು ಕೋರ್ಟಿನ ಮೆಟ್ಟಿಲ ಮೇಲೆ ಹಳದಿ ಕೋಟಿನ ಆ ಹೆಂಗಸು, ಲೊರೆಟ್ಟಾ, ನದಿ ದಂಡೆಯಲ್ಲಿ ಗಾಲಿಯ ಮೇಲಿನ ಟ್ರೇಲರ್ ಮನೆಗಳಲ್ಲಿರುವವರ ಪರ ಮೊಕದ್ದಮೆ ಹೂಡಿದವಳು, ಅಮ್ಮಾ ಆ ಐದು ಜನ್ರಲ್ಲಿ ನೀವೊಬ್ರಲ್ವಾ ಎಂದಾಗ ಗೋಣೂ ಆಡಿಸದೆ ದಾಟಿ ಬಂದೆ, ಎಷ್ಟು ಬೀಗಿದ್ದೆ ಅವತ್ತು.

ಅಲ್ಲಿ ವಾಸವಿರುವವರ ವಾದ ಕೇಳದೆ ಗವರ್ನರ್ ಒಬ್ಬನೇ ಮನೆ ಬಿಡಿಸಬಹುದೇ, ಇಷ್ಟೇ ಪ್ರಶ್ನೆ, ಕೆಳಗಿನ ಕೋರ್ಟು ಬಿಡಿಸಬಹುದು ಎಂದಿತ್ತು, ನಮ್ಮಲ್ಲಿ ಇಬ್ಬರು ಆ ಕಡೆ, ಇಬ್ಬರು ಈ ಕಡೆ, ಉಳಿದವಳು ನಾನು, ಕೂಡದು ಎಂದು ತೀರ್ಪು ಬರೆದೂ ಆಗಿದೆ, ಕೋರ್ಟಿನಲ್ಲಿ ಇನ್ನೂ ಓದಿಲ್ಲ, ಓದುವತನಕ ಬಾಯಿ ಬಿಡುವಂತಿಲ್ಲ. ನಾಳೆ ಲೊರೆಟ್ಟಾಳ ವಕೀಲನೇ ಎದ್ದು ಹೇಳುತ್ತಾನೆ, ಗವರ್ನರಿಗೆ ಚಪ್ಪಾಳೆ ತಟ್ಟಿದ ಈಯಮ್ಮ ನಮಗೆ ಬೇಡ, ಹೇಳಲೇಬೇಕು, ನಾನಾಗಿದ್ದರೂ ಹೇಳುತ್ತಿದ್ದೆ, ನಾನು ಈ ಮೊಕದ್ದಮೆಯ ಪೀಠದಿಂದ ಎದ್ದು ಹೋಗಬೇಕು, ಎದ್ದರೆ ಇಬ್ಬರಿಗಿಬ್ಬರು ಸಮಸಮ, ಸಮವಾದರೆ ಕೆಳಗಿನ ತೀರ್ಪೇ ಗಟ್ಟಿ — ಅವಳನ್ನು ಉಳಿಸುವ ಕೈಯನ್ನು ಅವಳೇ ತಳ್ಳಬೇಕು, ತಳ್ಳಬೇಡ ಎಂದು ನಾನು ಹೇಳುವಂತಿಲ್ಲ. ಮೇಲೆ ನೋಡಬೇಡ ಮಾರ್ಲಿಸ್, ಅತಿಥಿಗಳ ಸಾಲಿನಲ್ಲಿ ಹಳದಿ ಕೋಟು — ನೋಡಿದೆ. ಸುತ್ತ ಎಲ್ಲರೂ ನಿಂತು ತಟ್ಟುತ್ತಿದ್ದಾರೆ, ಅವಳು ಕೂತಿದ್ದಾಳೆ, ನನ್ನನ್ನೇ ನೋಡುತ್ತಿದ್ದಾಳೆ, ನಗುವುದಿಲ್ಲ, ತಲೆ ಆಡಿಸುವುದಿಲ್ಲ, ಅವಳ ಕೈ, ಹಳದಿ ತೋಳಿನ ಆ ಎರಡು ಕೈ, ತೊಡೆಯ ಮೇಲೆ, ತೊಡೆಯ ಮೇಲೆ —